ಅರಸನ ಮಾತು, ವಿದೂಷಕನ ಕಿವಿ: ಹೋಮರನ ಅನ್ಯಭಾಷಿಕರು ಮತ್ತು ಒಂದು ಗ್ರೀಕ್ ಪ್ರಹಸನ

1

ಇಲಿಯಡ್ ಮಹಾಕಾವ್ಯದ 24ನೆಯ ಸರ್ಗದಲ್ಲಿ ಟ್ರಾಯ್‌ನ ಮುದಿ ಅರಸ ಪ್ರಿಯಾಮನು ರಾತ್ರಿಯ ವೇಳೆ ಗ್ರೀಕರ ಪಾಳೆಯಕ್ಕೆ ಬರುತ್ತಾನೆ. ತನ್ನ ಮಗ ಹೆಕ್ಟರನನ್ನು ಕೊಂದ ಅಕಿಲೀಸನ ಕೈಗಳಿಗೆ ಮುತ್ತಿಟ್ಟು ಮಗನ ಶವವನ್ನು ಬೇಡುತ್ತಾನೆ. ಇಬ್ಬರೂ ಅಳುತ್ತಾರೆ, ಇಬ್ಬರೂ ಮಾತನಾಡುತ್ತಾರೆ, ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಅವರ ನಡುವೆ ದುಭಾಷಿಯಿಲ್ಲ. ಹತ್ತು ವರ್ಷ ಹೊಡೆದಾಡಿದ, ಸಮುದ್ರದ ಎರಡು ದಡಗಳ ಈ ಜನ ಯಾವ ಭಾಷೆಯಲ್ಲಿ ಮಾತನಾಡಿಕೊಂಡರೆಂಬುದನ್ನು ಕಾವ್ಯ ಹೇಳುವುದಿಲ್ಲ. ಹೇಳಬೇಕಾದ ಸಂಗತಿ ಅದೆಂದು ಭಾವಿಸುವುದೂ ಇಲ್ಲ.

ವಿಮರ್ಶೆಯಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಕನ್ನಡದಲ್ಲಿ ಗ್ರೀಕ್ ಸಾಹಿತ್ಯದ ಚರ್ಚೆ ಬಹುಮಟ್ಟಿಗೆ ರುದ್ರನಾಟಕದ ದಾರಿಯಲ್ಲಿ ನಡೆದಿದೆ. ಬಿ.ಎಂ.ಶ್ರೀಯವರು ಸಾಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿಸಿದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂಬ ಹೆಸರಿನಲ್ಲಿ ತಂದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನ ಆರಂಭದಲ್ಲಿ ಹೋಮರನಿಗೂ ನಮಿಸಿದರು. ವಿಧಿ, ದೈವ, ದುರಂತ, ಮಹೋಪಮೆ ಇವು ಈ ಸಂಬಂಧದ ಸುತ್ತ ಬೆಳೆದ ಮಾತುಗಳು. ಭಾಷೆಯ ಪ್ರಶ್ನೆ ಅವುಗಳ ನಡುವೆ ಬರಲಿಲ್ಲ.

ಆದರೆ ಮನೆಯಲ್ಲೊಂದು ಮಾತು, ಶಾಲೆಯಲ್ಲೊಂದು ಮಾತು, ಕಚೇರಿಯಲ್ಲಿ ಮತ್ತೊಂದು ಮಾತು ಆಡಿ ಬೆಳೆದ ವಿದ್ಯಾರ್ಥಿ ಇಲಿಯಡ್ ಓದಿದಾಗ ಮೊದಲು ಕೇಳಬಹುದಾದ ಪ್ರಶ್ನೆ ಇದೇ. ವಯನಾಡಿನ ಪನಮರಂ ಅಂಥ ವಿದ್ಯಾರ್ಥಿಗಳ ಊರು. ಪಣಿಯರ ಮಾತು, ಅಡಿಯರ ರಾವುಳ, ಕನ್ನಡಕ್ಕೆ ಹತ್ತಿರವಾದ ಕಾಟ್ಟುನಾಯ್ಕರ ನುಡಿ ಈ ಪರಿಸರದಲ್ಲಿ ಮಲಯಾಳದ ಜೊತೆಗಿವೆ. ಶಾಲೆಗೆ ಮಾತ್ರ ಅವುಗಳಿಗೆ ಪ್ರವೇಶ ಕಡಿಮೆ. ಪ್ರಸ್ತುತ ಲೇಖನವು ಈ ವಿದ್ಯಾರ್ಥಿಯ ಪ್ರಶ್ನೆಯನ್ನು ಹಿಡಿದು, ಹೋಮರನಿಂದ ಹೊರಟು, ಭಾರತದ ಕರಾವಳಿಯಲ್ಲಿ ನಡೆಯುವ ಒಂದು ಗ್ರೀಕ್ ಪ್ರಹಸನಕ್ಕೆ ಬರುತ್ತದೆ. ಆ ಪ್ರಹಸನದಲ್ಲಿ ಕನ್ನಡವಿದೆಯೇ ಎಂದು ನಾವು ಒಂದು ಶತಮಾನಕ್ಕೂ ಹೆಚ್ಚು ಕಾಲ ಕೇಳಿದ್ದೇವೆ. ಅಲ್ಲಿ ಅರ್ಥವಾಗದ ಮಾತಿಗೆ ಏನು ಕೆಲಸ ಕೊಡಲಾಗಿದೆ ಎಂದು ಕೇಳಿದ್ದು ಕಡಿಮೆ. ಎರಡನೆಯ ಪ್ರಶ್ನೆಯೇ ಮೊದಲಿನದು ಎಂಬುದು ಇಲ್ಲಿಯ ವಾದ.

2

ಇಲಿಯಡ್‌ನಲ್ಲಿ ಟ್ರಾಯ್‌ನವರೂ ಗ್ರೀಕರೂ ಪೂಜಿಸುವ ದೇವತೆಗಳು ಒಂದೇ. 6ನೆಯ ಸರ್ಗದಲ್ಲಿ ಟ್ರಾಯ್‌ನ ಹೆಂಗಸರು ಅಥೀನಾಳ ಗುಡಿಗೆ ಹೋಗಿ ಸೀರೆಯಂಥ ನೇಯ್ದ ವಸ್ತ್ರವೊಂದನ್ನು ಒಪ್ಪಿಸಿ ರಕ್ಷಣೆ ಬೇಡುತ್ತಾರೆ. ಆ ದೇವಿ ಶತ್ರುಪಕ್ಷದವಳು. ಅವಳು ತಲೆಯೆತ್ತಿ ನಿರಾಕರಿಸುತ್ತಾಳೆ. ಅವಳಿಗೆ ಅವರ ಮಾತು ತಿಳಿಯದೇ ಹೋಯಿತೆಂಬ ಪ್ರಶ್ನೆಯಿಲ್ಲ, ತಿಳಿದೇ ಒಲ್ಲೆನೆಂದಳು. ಮುಖ್ಯ ಪಾತ್ರಗಳ ಮಟ್ಟದಲ್ಲಿ ಹೋಮರನ ಲೋಕ ಏಕಭಾಷಿಕವಾದದ್ದು. ಶತ್ರುವನ್ನು ಪೂರ್ಣ ಮನುಷ್ಯನನ್ನಾಗಿ ಕಾಣುವ ಆ ಕಾವ್ಯದ ದೊಡ್ಡತನಕ್ಕೆ ಈ ಅನುಕೂಲವೂ ಒಂದು ಆಧಾರ. ಪ್ರಿಯಾಮನ ದುಃಖ ನಮ್ಮನ್ನು ಮುಟ್ಟಬೇಕಾದರೆ ಅವನು ಗ್ರೀಕ್‌ನಲ್ಲಿ ಅಳಬೇಕಾಗಿದೆ.

ಅದೇ ಕಾವ್ಯ ಇನ್ನೊಂದು ಮಟ್ಟದಲ್ಲಿ ಬೇರೆಯದನ್ನು ಹೇಳುತ್ತದೆ. ಟ್ರಾಯ್‌ನ ನೆರವಿಗೆ ಬಂದ ಸೈನ್ಯಗಳಿಗೆ ಹಲವು ಭಾಷೆಗಳಿವೆ ಎಂದು 2ನೆಯ ಸರ್ಗದಲ್ಲಿ ದೇವದೂತಿ ಐರಿಸ್ ಹೆಕ್ಟರನಿಗೆ ನೆನಪಿಸುತ್ತಾಳೆ. ಅದೇ ಸರ್ಗದ ಕೊನೆಯಲ್ಲಿ ಕಾರಿಯನರಿಗೆ ‘ಬಾರ್ಬರೊಫೋನೊಯ್’ ಎಂಬ ವಿಶೇಷಣ ಬರುತ್ತದೆ: ಒರಟು ಉಲಿಯವರು, ಬರ್ಬರ ನುಡಿಯವರು. 3ನೆಯ ಸರ್ಗದ ಆರಂಭದಲ್ಲಿ ಟ್ರಾಯ್ ಸೇನೆ ಕೊಕ್ಕರೆಗಳಂತೆ ಕೂಗುತ್ತ ಬರುತ್ತದೆ, ಗ್ರೀಕರು ಮೌನವಾಗಿ ನಡೆಯುತ್ತಾರೆ. 4ನೆಯ ಸರ್ಗದಲ್ಲಿ ಮತ್ತೊಂದು ಉಪಮೆ: ಧನಿಕನ ಹಟ್ಟಿಯಲ್ಲಿ ಹಾಲು ಕರೆಸಿಕೊಳ್ಳಲು ನಿಂತು ಮರಿಗಳ ದನಿ ಕೇಳಿ ಅರಚುವ ಕುರಿಗಳಂತೆ ಆ ಸೇನೆಯ ಸದ್ದಿತ್ತು, ಏಕೆಂದರೆ ಅವರದು ಒಂದೇ ನುಡಿಯಾಗಿರಲಿಲ್ಲ. ಹೀಗೆ ನಾಯಕರ ಮಾತು ಮಾತಾಗಿಯೇ ಉಳಿಯುತ್ತದೆ. ಅನ್ಯರ ಮಾತು ಗುಂಪಿನಲ್ಲಿ ಕೇಳಿದಾಗ ಸದ್ದಾಗುತ್ತದೆ. ಸ್ಟ್ರೇಬೊ ತನ್ನ ಭೂಗೋಳ ಗ್ರಂಥದಲ್ಲಿ ಕಾರಿಯನರ ಈ ವಿಶೇಷಣವನ್ನೇ ಎತ್ತಿಕೊಂಡು, ‘ಬಾರ್ಬರ’ ಎಂಬ ಪದ ತೊದಲುವುದನ್ನು ಅನುಕರಿಸಿ ಹುಟ್ಟಿದ್ದೆಂದು ವಿವರಿಸುತ್ತಾನೆ. ನಮ್ಮಲ್ಲಿಯೂ ಶತಪಥ ಬ್ರಾಹ್ಮಣದ ಅಸುರರು ‘ಹೇಲವೋ ಹೇಲವಃ’ ಎಂದು ತೊದಲಿ ಸೋತರು. ಅದು ಮ್ಲೇಚ್ಛರ ಮಾತು ಎನಿಸಿಕೊಂಡಿತು. ಎರಡು ಪರಂಪರೆಗಳಲ್ಲೂ ಅನ್ಯನಿಗಿಟ್ಟ ಹೆಸರು ಅವನ ನಾಲಗೆಯ ಮೇಲೆ ಹೊರಿಸಿದ ದೋಷದಿಂದ ಬಂದಿದೆ.

ಅರ್ಥವಾಗದ ನುಡಿ ಕೆಳಗಿನವರದು ಮಾತ್ರವಲ್ಲ ಎಂಬುದನ್ನೂ ಹೋಮರನೇ ತೋರಿಸುತ್ತಾನೆ. ಮನುಷ್ಯರು ಸ್ಕಾಮಾಂಡರ್ ಎನ್ನುವ ನದಿಯನ್ನು ದೇವತೆಗಳು ಕ್ಸಾಂಥಸ್ ಎನ್ನುತ್ತಾರೆ. ದೇವಭಾಷೆಯ ಕೆಲವು ಪದಗಳು ಕಾವ್ಯದಲ್ಲಿ ಹೀಗೆ ಅಲ್ಲಲ್ಲಿ ಬೀಳುತ್ತವೆ. ಅವು ತಿಳಿಯದಿದ್ದರೂ ಯಾರೂ ನಗುವುದಿಲ್ಲ. ಹೋಮರನ ಹೆಸರಿನಲ್ಲಿ ಉಳಿದಿರುವ ಅಫ್ರೊಡೈಟಿಯ ಸ್ತೋತ್ರದಲ್ಲಿ ಇನ್ನೂ ಕುತೂಹಲದ ಸಂಗತಿಯಿದೆ. ಫ್ರಿಜಿಯದ ರಾಜಕುಮಾರಿಯ ವೇಷದಲ್ಲಿ ಟ್ರಾಯ್‌ನ ಅಂಕೈಸಿಸನ ಬಳಿಗೆ ಬಂದ ದೇವಿ, ನಿಮ್ಮ ನುಡಿಯೂ ನನ್ನ ನುಡಿಯೂ ನನಗೆ ಗೊತ್ತು, ಏಕೆಂದರೆ ನನ್ನನ್ನು ಸಾಕಿದ ದಾದಿ ಟ್ರಾಯ್‌ನವಳು ಎಂದು ಹೇಳಿಕೊಳ್ಳುತ್ತಾಳೆ. ದ್ವಿಭಾಷಿಕತೆ ಇಲ್ಲಿ ಮನೆಯೊಳಗಿನ ಸಂಗತಿ, ದಾದಿಯ ಮಡಿಲಲ್ಲಿ ಕಲಿತದ್ದು. ಅದು ಸುಳ್ಳಿನ ಭಾಗವಾಗಿ ಬಂದರೂ, ಕೇಳುವವನಿಗೆ ನಂಬಲರ್ಹವಾಗಿ ತೋರಿತೆಂಬುದು ಗಮನಾರ್ಹ. ಅನ್ಯಭಾಷೆಯನ್ನು ಗೌರವದಿಂದ ನೆನೆಯುವ ದಾರಿಯೂ ಆ ಪರಂಪರೆಯಲ್ಲಿತ್ತು.

3

ಮಹಾಕಾವ್ಯದಲ್ಲಿ ಹಿನ್ನೆಲೆಯ ಸದ್ದಾಗಿದ್ದದ್ದು ರಂಗದ ಮೇಲೆ ಪಾತ್ರವಾಯಿತು. ಅರಿಸ್ಟೊಫನೀಸನ ‘ಹಕ್ಕಿಗಳು’ ನಾಟಕದಲ್ಲಿ (ಕ್ರಿ.ಪೂ. 414) ದೇವತೆಗಳ ಕಡೆಯಿಂದ ಸಂಧಾನಕ್ಕೆ ಬರುವ ಮೂವರಲ್ಲಿ ಪೊಸೈಡನ್, ಹೆರಾಕ್ಲೀಸರ ಜೊತೆ ಟ್ರಿಬಾಲಿಯನ್ ಎಂಬ ಬರ್ಬರ ದೇವತೆಯೂ ಇದ್ದಾನೆ. ಅವನು ಆಡುವುದು ತೊದಲು. ಒಪ್ಪಂದಕ್ಕೆ ಅವನ ಮತವೇ ನಿರ್ಣಾಯಕವಾದಾಗ, ಅವನು ಒಪ್ಪಿದನೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು ವಾದಿಸುತ್ತಾರೆ; ಅನುಕೂಲವಿದ್ದವರ ಅರ್ಥವೇ ಗೆಲ್ಲುತ್ತದೆ. ಅರ್ಥವಾಗದ ಮಾತು ಯಾರು ಬೇಕಾದರೂ ತಮ್ಮ ಅರ್ಥವನ್ನು ತುಂಬಬಹುದಾದ ಪಾತ್ರೆಯಾಗುತ್ತದೆಂಬುದನ್ನು ಆ ಹಾಸ್ಯ ಬಹಳ ಹಿಂದೆಯೇ ಕಂಡುಕೊಂಡಿತ್ತು. ಈ ದೃಶ್ಯವನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

ಈಗ ನಮ್ಮ ಪ್ರಹಸನ. ಈಜಿಪ್ಟಿನ ಆಕ್ಸಿರಿಂಕಸ್‌ನ ತಿಪ್ಪೆಗಳಲ್ಲಿ ದೊರೆತ ಪಪೈರಸ್‌ಗಳಲ್ಲಿ 413ನೆಯ ಸಂಖ್ಯೆಯದು 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅವರಿಂದ ಪ್ರಕಟವಾಯಿತು. ಪ್ರತಿ ಕ್ರಿ.ಶ. ಎರಡನೆಯ ಶತಮಾನದ್ದೆಂದು ಸಾಮಾನ್ಯ ಅಭಿಪ್ರಾಯ. ಕರ್ತೃವಿನ ಹೆಸರಿಲ್ಲ. ನಾಯಕಿಯ ಹೆಸರು ಖಾರಿಟಿಯನ್. ಪ್ರಹಸನವನ್ನೂ ಅದೇ ಹೆಸರಿನಿಂದ ಕರೆಯುವುದು ರೂಢಿ. ಅವಳು ಭಾರತದ ಕರಾವಳಿಯಲ್ಲಿ ಚಂದ್ರದೇವತೆ ಸೆಲೀನಿಯ ಗುಡಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹೆಣ್ಣು. ಅಲ್ಲಿಯ ಅರಸ ಅವಳನ್ನು ಬಲಿಕೊಡಲು ಹೊರಟಿದ್ದಾನೆ. ಅವಳ ಅಣ್ಣ, ಒಬ್ಬ ನಾವಿಕ, ಒಬ್ಬ ವಿದೂಷಕ ಹಡಗಿನಲ್ಲಿ ಬಂದು ಅವಳನ್ನು ಬಿಡಿಸಬೇಕು. ಅರಸನಿಗೂ ಅವನ ಜನರಿಗೂ ನೀರು ಬೆರೆಸದ ಮದ್ಯ ಕುಡಿಸಿ, ಅಮಲೇರಿದ ಅರಸನನ್ನು ಕಟ್ಟಿಹಾಕಿ ಪಾರಾಗುತ್ತಾರೆ. ಪಾತ್ರಗಳಿಗೆ ಹೆಸರಿನ ಬದಲು ಅಕ್ಷರ ಸಂಕೇತಗಳಿವೆ. ತಮಟೆ ಬಡಿಯಬೇಕಾದ ಜಾಗಗಳ ಗುರುತುಗಳಿವೆ. ಇದು ಓದಿಗಾಗಿ ಬರೆದ ಪ್ರತಿಯಲ್ಲ, ರಂಗದವರ ಕೈಯಲ್ಲಿ ಓಡಾಡಿದ ಪ್ರತಿ.

ಈ ಕಥೆಯ ಹಿಂದೆ ಎರಡು ಹಳೆಯ ಕಥೆಗಳಿವೆ. ದೂರದ ದೇಶದ ಗುಡಿಯಲ್ಲಿರುವ ತಂಗಿ, ಕಡಲು ದಾಟಿ ಬರುವ ಸೋದರ, ಬಲಿಗೆ ಹಾತೊರೆಯುವ ಬರ್ಬರ ಅರಸ, ಇವು ಯೂರಿಪಿಡೀಸನ ‘ಟಾರಿಯನರ ನಾಡಿನಲ್ಲಿ ಇಫಿಜಿನೈಯ’ದಿಂದ ಬಂದವು. ಅಪಾಯಕಾರಿ ಆತಿಥೇಯನಿಗೆ ಬೆರೆಸದ ಮದ್ಯ ಕುಡಿಸುವ ಉಪಾಯ ಒಡಿಸ್ಸಿಯ 9ನೆಯ ಸರ್ಗದ ಒಕ್ಕಣ್ಣ ಸೈಕ್ಲಾಪ್ಸನ ಪ್ರಸಂಗದ್ದು. ಸೈಕ್ಲಾಪ್ಸ್ ಮನುಷ್ಯರನ್ನು ತಿನ್ನುವವನಾದರೂ ಗ್ರೀಕ್ ಆಡುತ್ತಾನೆ. ಯೂರಿಪಿಡೀಸನ ಟಾರಿಯನ್ ಅರಸ ಥೋಆಸನೂ ಗ್ರೀಕ್ ಆಡುತ್ತಾನೆ. ಪ್ರಹಸನದ ಅರಸನಿಗೆ ಮಾತ್ರ ತನ್ನದೇ ಭಾಷೆಯಿದೆ. ಕಥೆ ಕೆಳದರ್ಜೆಯ ರಂಗಕ್ಕಿಳಿದಾಗಲೇ ಅನ್ಯನಿಗೆ ಅವನ ನಾಲಗೆ ದೊರೆಯಿತು, ಆದರೆ ನಗೆಯ ಬೆಲೆ ತೆತ್ತು. ಮಹಾಕಾವ್ಯ ಶತ್ರುವಿಗೆ ಘನತೆ ಕೊಟ್ಟು ಭಾಷೆಯನ್ನು ಕಿತ್ತುಕೊಂಡಿತು. ಪ್ರಹಸನ ಭಾಷೆಯನ್ನು ಕೊಟ್ಟು ಘನತೆಯನ್ನು ಕಿತ್ತುಕೊಂಡಿತು. ಎರಡನ್ನೂ ಒಟ್ಟಿಗೆ ಕೊಡುವ ಬಗೆ ಯಾವುದೆಂಬುದು ಇಂದಿಗೂ ನಮ್ಮ ಮುಂದಿರುವ ಪ್ರಶ್ನೆ.

4

ಪ್ರಹಸನದ ದೇವತೆಗಳ ಪಾತ್ರ ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ವಿದೂಷಕನ ಆಯುಧ ಅವನ ಹೂಸು. ಅವನು ಅದನ್ನೇ ದೇವಿಯೆಂದು ಕರೆದು, ತಾನು ಉಳಿದರೆ ಬೆಳ್ಳಿಯ ಪ್ರತಿಮೆ ಮಾಡಿಸುವೆನೆಂದು ಹರಕೆ ಹೊರುತ್ತಾನೆ. ಮಹಾಕಾವ್ಯದ ವೀರರು ಯುದ್ಧದ ನಡುವೆ ಹೊರುವ ಹರಕೆಗಳ ಅಣಕವಿದು. ದೇವತೆಗಳನ್ನು ನಗುವ ಹಕ್ಕು ಗ್ರೀಕರಿಗೆ ಹೋಮರನಿಂದಲೇ ಬಂದಿತ್ತು. ಒಡಿಸ್ಸಿಯಲ್ಲಿ ಬಲೆಗೆ ಬಿದ್ದ ಅರೀಸ್ ಮತ್ತು ಅಫ್ರೊಡೈಟಿಯನ್ನು ಕಂಡು ದೇವತೆಗಳೇ ನಗುತ್ತಾರೆ.

ಇದೇ ವಿದೂಷಕ ಹೊರಡುವ ಮುನ್ನ ಗುಡಿಯ ಕಾಣಿಕೆಗಳನ್ನು ಕದ್ದೊಯ್ಯೋಣ ಎನ್ನುತ್ತಾನೆ. ಖಾರಿಟಿಯನ್ ತಡೆಯುತ್ತಾಳೆ. ಅಪಾಯದಲ್ಲಿರುವವರು ದೇವರ ಸೊತ್ತನ್ನು ಕದ್ದು ದೇವರ ರಕ್ಷಣೆ ಬೇಡುವುದು ಹೇಗೆ ಎಂಬುದು ಅವಳ ವಾದ. ಇಫಿಜಿನೈಯದ ಕಥೆಯಲ್ಲಿ ಟಾರಿಯನರ ಆರ್ಟೆಮಿಸ್ ವಿಗ್ರಹವನ್ನು ಕದ್ದು ತರುವುದೇ ಓರೆಸ್ಟಿಸನ ಗುರಿ, ಅದೂ ಅಪೊಲೊ ದೇವನ ಆಜ್ಞೆಯಂತೆ. ಗಂಭೀರ ನಾಟಕ ಪುಣ್ಯವೆಂದು ಒಪ್ಪಿದ ಕಳವನ್ನು ಒರಟು ಪ್ರಹಸನದ ಹೆಣ್ಣು ಪಾಪವೆನ್ನುತ್ತಾಳೆ. ಭಾರತೀಯರ ಗುಡಿಯ ದೇವಿ ಅವಳಿಗೆ ಅನ್ಯದೇವತೆಯಲ್ಲ. ಅವರ ಮಾತನ್ನು ಗೌರವಿಸದ ನಾಟಕ ಅವರ ದೇವಿಯನ್ನು ಗೌರವಿಸುತ್ತದೆ. ಅದಕ್ಕೆ ಕಾರಣವೂ ಇದೆ: ಆ ದೇವಿಗೆ ಗ್ರೀಕ್ ಹೆಸರಿದೆ. ಹೆಸರು ಅನುವಾದವಾದದ್ದರಿಂದ ಅವಳು ರಕ್ಷಿತಳಾದಳು.

ಅರಸನ ವಿಷಯದಲ್ಲಿ ಇದೇ ಸಂಗತಿ ತಲೆಕೆಳಗಾಗಿ ಕಾಣುತ್ತದೆ. ಮದ್ಯಪಾನದ ದೃಶ್ಯದಲ್ಲಿ ಅವನ ಭಾಷೆ ಗ್ರೀಕ್ ಅಲ್ಲ. ಆದರೆ ಅಮಲಿನಲ್ಲಿ ಸೆಲೀನಿಯ ಮುಂದೆ ಕುಣಿಯುವಾಗ ಅವನು ಗ್ರೀಕ್ ಛಂದಸ್ಸಿನಲ್ಲಿ ಹಾಡುತ್ತಾನೆ; ಅದರಲ್ಲಿ ತನ್ನ ಹೆಜ್ಜೆಯನ್ನೂ ತನ್ನ ಕುಣಿತವನ್ನೂ ತಾನೇ ‘ಬರ್ಬರ’ ಎಂದು ಕರೆದುಕೊಳ್ಳುತ್ತಾನೆ. ಈಸ್ಕಿಲಸನ ನಾಟಕದ ಪಾರಸಿಕರೂ ತಮ್ಮನ್ನು ತಾವು ಹೀಗೆಯೇ ಕರೆದುಕೊಳ್ಳುತ್ತಾರೆ. ಯಾವ ಜನವೂ ತನ್ನ ಭಾಷೆಯಲ್ಲಿ ತನ್ನನ್ನು ಬರ್ಬರನೆಂದು ಹೇಳಿಕೊಳ್ಳುವುದಿಲ್ಲ. ಬೇರೆಯವರ ಭಾಷೆಯಲ್ಲಿ ಮಾತನಾಡಬೇಕಾಗಿ ಬಂದಾಗಲೇ ಬೇರೆಯವರು ಇಟ್ಟ ಹೆಸರು ಬಾಯಿಗೆ ಬರುತ್ತದೆ. ಶಾಲೆಯ ಅರ್ಜಿಯಲ್ಲಿ ತನ್ನ ಸಮುದಾಯಕ್ಕೆ ಸರ್ಕಾರ ಇಟ್ಟ ಹೆಸರನ್ನು ಬರೆಯುವ ವಯನಾಡಿನ ಮಗುವಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

5

ಈಗ ಕನ್ನಡದ ಪ್ರಶ್ನೆಗೆ ಬರಬಹುದು. ಪಪೈರಸ್ ಪ್ರಕಟವಾದ ಮರುವರ್ಷ, 1904ರಲ್ಲಿ, ಶಾಸನತಜ್ಞ ಹುಲ್ಟ್ಜ್ ಆ ಅರ್ಥವಾಗದ ಸಾಲುಗಳಲ್ಲಿ ಕನ್ನಡವನ್ನು ಗುರುತಿಸಿದರು. ಕೊಂಚ, ಮಧು, ಪಾತ್ರ, ಬೇರೆ ಮುಂತಾದ ಪದಗಳು ಅವರಿಗೆ ಕಂಡವು. ದೃಶ್ಯವೂ ಕುಡಿತದ್ದೇ ಆದ್ದರಿಂದ ಹೊಂದಿಕೆ ಆಕರ್ಷಕವಾಗಿತ್ತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಈ ದಾರಿಯಲ್ಲಿ ಮುಂದುವರಿದರು. 1926ರಲ್ಲಿ ಎಲ್. ಡಿ. ಬಾರ್ನೆಟ್ ಈ ಓದನ್ನು ವಿರೋಧಿಸಿ ಬರೆದರು. ಭಾಸ್ಕರ ಆನಂದ ಸಾಲೆತೊರೆ ತುಳುನಾಡಿನ ಇತಿಹಾಸವನ್ನು ಬರೆಯುವಾಗ ಪ್ರಹಸನವನ್ನು ಆ ಕರಾವಳಿಗೆ ಜೋಡಿಸಿದರು, ನಂತರ ಪಿ. ಶಿವಪ್ರಸಾದ ರೈ ಆ ಭಾಷೆ ತುಳುವೆಂದು ವಾದಿಸಿದರು. ಗ್ರೀಕ್ ಸಾಹಿತ್ಯದ ವಿದ್ವಾಂಸರಲ್ಲಿ ಹಲವರು ಅದನ್ನು ಅರಿಸ್ಟೊಫನೀಸನ ತೊದಲಿನ ಸಾಲಿಗೇ ಸೇರಿಸಿ, ನಗೆಗಾಗಿ ಕಟ್ಟಿದ ಸದ್ದೆಂದರು.

ಕರಾವಳಿಯ ಭಾಷೆಯೊಂದು ಈಜಿಪ್ಟಿನ ರಂಗವನ್ನು ಮುಟ್ಟಿತ್ತೆಂಬುದು ಅಸಂಭವವೇನಲ್ಲ. ಅದೇ ಎರಡನೆಯ ಶತಮಾನದ ಇನ್ನೊಂದು ಪಪೈರಸ್, ಈಗ ವಿಯೆನ್ನಾದಲ್ಲಿರುವುದು, ಮುಜಿರಿಸ್‌ನಿಂದ ‘ಹೆರ್ಮಪೊಲ್ಲೊನ್’ ಎಂಬ ಹಡಗು ಹೊತ್ತು ತಂದ ಸರಕಿನ ಲೆಕ್ಕ ಕೊಡುತ್ತದೆ. ಅದೇ ಶತಮಾನದ ಟಾಲೆಮಿ ವೈಡೂರ್ಯ ಸಿಗುವ ‘ಪೌನ್ನಾಟ’ವನ್ನು ಹೆಸರಿಸುತ್ತಾನೆ. ಅದನ್ನು ವಿದ್ವಾಂಸರು ಪುನ್ನಾಟವೆಂದು ಗುರುತಿಸಿದ್ದಾರೆ. ಅದರ ರಾಜಧಾನಿ ಕೀರ್ತಿಪುರ ಇಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿಯ ದಡದಲ್ಲಿತ್ತು. ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿ ಕಬಿನಿಯಾಗುತ್ತವೆ. ಗ್ರೀಕ್ ವರ್ತಕನ ಕಿವಿಗೆ ಈ ನೀರಿನ ಕೆಳಭಾಗದ ಒಂದು ನಾಡಿನ ಹೆಸರು ತಲುಪಿತ್ತು.

ಆದರೆ ಸಂಭವವೇ ಪುರಾವೆಯಲ್ಲ. ಪಪೈರಸ್‌ನಲ್ಲಿ ಪದಗಳ ನಡುವೆ ತೆರವಿಲ್ಲ. ಸಾಲನ್ನು ಎಲ್ಲಿ ಕತ್ತರಿಸಬೇಕೆಂಬುದು ಓದುಗನ ಆಯ್ಕೆ. ಗ್ರೀಕ್ ಲಿಪಿಗೆ ತ-ಟ, ನ-ಣ, ಲ-ಳ ಭೇದಗಳಿಲ್ಲ. ಆ ಭಾಷೆ ತಿಳಿಯದ ಲಿಪಿಕಾರರ ಕೈಯಲ್ಲಿ ಸಾಲುಗಳು ಹಾದುಬಂದಿವೆ. ಹೋಲಿಕೆಗೆ ಬೇಕಾದ ಕನ್ನಡವೋ, ಹಲ್ಮಿಡಿ ಶಾಸನದ ಕಾಲದಿಂದ, ಅಂದರೆ ಸುಮಾರು 450ರಿಂದ ಈಚೆಗೆ ಮಾತ್ರ ವಾಕ್ಯರೂಪದಲ್ಲಿ ದೊರೆಯುತ್ತದೆ. ಇಂಥ ಸ್ಥಿತಿಯಲ್ಲಿ ಕನ್ನಡದ ಕೋಶ ಹಿಡಿದವನಿಗೆ ಕನ್ನಡವೂ ತುಳುವಿನ ಕೋಶ ಹಿಡಿದವನಿಗೆ ತುಳುವೂ ಸಿಕ್ಕರೆ ಆಶ್ಚರ್ಯವಿಲ್ಲ.

ಇಲ್ಲಿ ಟ್ರಿಬಾಲಿಯನ್ ದೇವತೆಯ ಮತವನ್ನು ನೆನೆಯಬೇಕು. ಪ್ರಹಸನದೊಳಗೂ ಅಂಥದೇ ಒಂದು ಕ್ಷಣವಿದೆ. ಅವರು ಏನೆನ್ನುತ್ತಿದ್ದಾರೆ ಎಂದು ವಿದೂಷಕ ಕೇಳುತ್ತಾನೆ. ಗ್ರೀಕರಲ್ಲೊಬ್ಬ, ಪಾಲಿಗಾಗಿ ಚೀಟಿ ಎತ್ತೋಣ ಎನ್ನುತ್ತಿದ್ದಾರೆ ಎಂದು ಹೇಳುತ್ತಾನೆ. ವಿದೂಷಕ ಅಷ್ಟನ್ನೇ ಹಿಡಿದು, ಎತ್ತೋಣ ಎನ್ನುತ್ತಾನೆ. ಅವನಿಗೆ ಬೇಕಾದದ್ದು ಆ ಮಾತಿನಲ್ಲಿ ತನಗಿರುವ ಪಾಲು. ನಮ್ಮ ವಿದ್ವತ್ತಿನ ಒಂದು ಭಾಗವೂ ಈ ವಿದೂಷಕನ ಕಿವಿಯಿಂದಲೇ ಕೇಳಿದೆ. ಅಲ್ಲಿ ನಮ್ಮ ಪಾಲೆಷ್ಟು, ನಮ್ಮ ಭಾಷೆಯ ವಯಸ್ಸಿಗೆ ಇದರಿಂದ ಎಷ್ಟು ವರ್ಷ ಸೇರುತ್ತದೆ ಎಂಬ ಆತುರದಲ್ಲಿ, ಕನ್ನಡವೆಂದು ನಾವು ಹೆಮ್ಮೆಪಡುವ ಆ ಮಾತು ಅಲ್ಲಿ ಅಮಲೇರಿದವನ ತೊದಲಾಗಿ, ತಮಟೆಯ ಸದ್ದಿನ ಜೊತೆಗೆ, ನಗೆಗಾಗಿ ಬಳಕೆಯಾಗಿದೆ ಎಂಬುದನ್ನು ಗಮನಿಸದೆ ಬಿಟ್ಟೆವು. ಹುಲ್ಟ್ಜ್ ಹೇಳಿದ್ದು ನಿಜವಾದರೆ, ಇದು ನಮ್ಮ ಭಾಷೆಯ ಮೊದಲ ಕೀರ್ತಿ ಮಾತ್ರವಲ್ಲ, ಅದಕ್ಕಾದ ಮೊದಲ ದಾಖಲಿತ ಅವಮಾನವೂ ಹೌದು. ಎರಡನ್ನೂ ಒಟ್ಟಿಗೆ ಸ್ವೀಕರಿಸದ ಓದು ಅಪೂರ್ಣ.

6

ಇದು ಹಳೆಯ ಪಪೈರಸ್‌ಗೆ ಮಾತ್ರ ಸಂಬಂಧಿಸಿದ ಮಾತಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ವಯನಾಡಿನ ಆದಿವಾಸಿ ನುಡಿಗಳ ಬಗ್ಗೆ ಬರೆಯುವಾಗ ನಾವು ಮೊದಲು ಕೇಳುವ ಪ್ರಶ್ನೆ, ಇದು ಯಾವುದರ ಉಪಭಾಷೆ ಎಂಬುದು. ಕಾಟ್ಟುನಾಯ್ಕರ ನುಡಿಯನ್ನು ಕನ್ನಡದ ಕಡೆಯವರು ತಮ್ಮದೆನ್ನುತ್ತೇವೆ. ಪಣಿಯರದನ್ನು ಮಲಯಾಳದವರು ತಮ್ಮದೆನ್ನುತ್ತಾರೆ. ಕೇರಳದಲ್ಲಿ ಅಲ್ಪಸಂಖ್ಯಾತ ಭಾಷೆಯಾಗಿರುವ ಕನ್ನಡಕ್ಕೆ ತನ್ನ ಸಂಖ್ಯೆಯ ಆತಂಕ ಸಹಜ. ಆದರೆ ನಮ್ಮ ನುಡಿಗೆ ಮನ್ನಣೆ ಬೇಕೆಂದು ಕೇಳುವ ನಾವು ನಮಗಿಂತ ಸಣ್ಣ ನುಡಿಗಳನ್ನು ನಮ್ಮ ಸಂಖ್ಯೆಗೆ ಸೇರಿಸಿಕೊಂಡರೆ, ಟ್ರಿಬಾಲಿಯನ್‌ನ ತಲೆಯಾಡಿಕೆಯನ್ನು ತಮ್ಮ ಮತವೆಂದು ಎಣಿಸಿದವರಿಗೂ ನಮಗೂ ವ್ಯತ್ಯಾಸವಿಲ್ಲ. ಗದ್ದಲವೆಂದು ಕಡೆಗಣಿಸುವುದು, ನಮ್ಮದೆಂದು ಸೆಳೆದುಕೊಳ್ಳುವುದು, ಎರಡೂ ಕೇಳಿಸಿಕೊಳ್ಳದೇ ಇರುವ ವಿಧಾನಗಳು.

ಬೇರೆ ಬಗೆಯ ರಂಗಭೂಮಿಗೆ ಈ ನೆಲದಲ್ಲೇ ಉದಾಹರಣೆಯಿದೆ. ಕೆ. ಜೆ. ಬೇಬಿ ಅವರು ಅಡಿಯರ ‘ಗದ್ದಿಕ’ ಆಚರಣೆಯನ್ನು ಆಧರಿಸಿ ‘ನಾಡುಗದ್ದಿಕ’ ನಾಟಕವನ್ನು ಕಟ್ಟಿ ಊರೂರಿಗೆ ಒಯ್ದರು. ನಂತರ ಪನಮರಂಗೆ ದೂರವಲ್ಲದ ನಡವಯಲಿನಲ್ಲಿ ‘ಕನವು’ ಎಂಬ ಕಲಿಕೆಯ ತಾಣವನ್ನು ನಡೆಸಿದರು. ಗದ್ದಿಕದಲ್ಲಿ ದೈವಗಳನ್ನು ಕರೆಯುವ ನುಡಿ ಹೊರಗಿನ ಪ್ರೇಕ್ಷಕನಿಗೆ ಪೂರ್ತಿ ತಿಳಿಯುವುದಿಲ್ಲ. ಆದರೆ ಅಲ್ಲಿ ತಿಳಿಯದಿರುವುದು ನುಡಿಯುವವನ ದೋಷವಲ್ಲ, ಕೇಳುವವನ ಕೊರತೆ. ಹೋಮರನ ದೇವತೆಗಳ ನದಿಗೆ ಇನ್ನೊಂದು ಹೆಸರಿದ್ದಂತೆ, ಆ ನುಡಿ ತನ್ನ ದೈವಗಳಿಗೆ ತಿಳಿದಿದೆ, ಅಷ್ಟು ಸಾಕು.

ಈ ಹಿನ್ನೆಲೆಯಲ್ಲಿ ಖಾರಿಟಿಯನ್ ಪ್ರಹಸನವನ್ನು ಕನ್ನಡಕ್ಕೆ ತರುವವರ ಮುಂದೆ ಬರುವ ತೊಡಕು ಬೋಧಪ್ರದವಾದದ್ದು. ಗ್ರೀಕರ ಸಂಭಾಷಣೆಯನ್ನು ಕನ್ನಡಕ್ಕೆ ತಂದರೆ ಅರಸನ ಸಾಲುಗಳನ್ನು ಯಾವ ಭಾಷೆಗೆ ತರಬೇಕು? ಅವು ಕನ್ನಡವೇ ಆಗಿದ್ದರೆ ಅನುವಾದದಲ್ಲಿ ಎಲ್ಲರೂ ಕನ್ನಡಿಗರಾಗುತ್ತಾರೆ, ಪ್ರಹಸನ ಬಿದ್ದುಹೋಗುತ್ತದೆ. ಅರಸನನ್ನು ಉಳಿಸಬೇಕಾದರೆ ಗ್ರೀಕರನ್ನೇ ತೊದಲುವವರನ್ನಾಗಿ ಮಾಡಬೇಕು. ಪನಮರಂನ ರಂಗದ ಮೇಲಾದರೆ ಇನ್ನೊಂದು ಸಾಧ್ಯತೆಯಿದೆ. ಅರಸ ಕಾಟ್ಟುನಾಯ್ಕರ ನುಡಿಯಲ್ಲಿ ಮಾತನಾಡಲಿ, ಉಳಿದವರು ಮಲಯಾಳದಲ್ಲಿ ಮಾತನಾಡಲಿ. ಆಗ ಸಭೆ ಎರಡಾಗುತ್ತದೆ: ಅರ್ಥವಾಗದೆ ನಗುವವರು, ಅರ್ಥವಾಗಿ ನಗದವರು. ಆ ಸಭೆಯಲ್ಲಿ ಕುಳಿತ ಕನ್ನಡಿಗನಿಗೆ ಅರಸನ ಮಾತು ಅರ್ಧ ತಿಳಿಯುತ್ತದೆ. ಉಳಿದರ್ಧ ತನ್ನದಲ್ಲವೆಂದು ಒಪ್ಪಿಕೊಂಡು ಅದನ್ನು ಪಕ್ಕದಲ್ಲಿ ಕುಳಿತವರಿಂದ ಕೇಳಿ ತಿಳಿಯುವುದು ಅವನು ಮಾಡಬಹುದಾದ ಕೆಲಸ. ಭಾಷಾ ಅಧ್ಯಯನವೂ ಅಲ್ಲಿಂದಲೇ ಆರಂಭವಾಗಬೇಕು.